ಮೊದಲ ಸೌದೆ ಒಲೆ: ಯಾರನ್ನು ಕೇಳಿ ಕಟ್ಟಿಸಬೇಕು?

ಹೊಸ ಮನೆ ಕಟ್ಟಿಸಿದ ಸದಸ್ಯರೊಬ್ಬರು ಕಳೆದ ತಿಂಗಳು ಸಂಘದ ಕಚೇರಿಗೆ ಬಂದಿದ್ದರು. ಗೊಬ್ಬರದ ಲೆಕ್ಕ ಮುಗಿಸಿ ಹೊರಡುವ ಮುನ್ನ ಒಂದು ಪ್ರಶ್ನೆ ಕೇಳಿದರು. ಗ್ಯಾಸು ಇದೆ, ಗೀಸರ್ ಇದೆ ಎಂದು ಮನೆಯಲ್ಲಿ ಒಲೆಗೆ ಜಾಗವನ್ನೇ ಬಿಟ್ಟಿರಲಿಲ್ಲವಂತೆ. ಆಷಾಢದಲ್ಲಿ ನಾಲ್ಕು ದಿನ ಕರೆಂಟು ಬಾರದೆ, ಸಿಲಿಂಡರೂ ಮುಗಿದು, ಒದ್ದೆ ಬಟ್ಟೆ ಹರವಲು ಬೆಚ್ಚನೆಯ ಮೂಲೆಯೊಂದೂ ಇಲ್ಲದಾದಾಗ ತಪ್ಪು ತಿಳಿಯಿತಂತೆ. ಈಗ ಅಡಿಗೆಗೂ ಆಗುವ, ಮನೆಯನ್ನೂ ಬೆಚ್ಚಗಿಡುವ ಸೌದೆ ಒಲೆ ಬೇಕು, ಯಾವುದು ಒಳ್ಳೆಯದು ಎಂದರು. ಇನ್ನೂ ಕೆಲವರು ಇದನ್ನೇ ಕೇಳಿರುವುದರಿಂದ ನಮಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ. ಈ ವಿಷಯದಲ್ಲಿ ನಾವು ಒಮ್ಮೆ ಎಡವಿದವರು ಎಂಬುದನ್ನೂ ಮೊದಲೇ ಹೇಳಿಬಿಡುತ್ತೇವೆ.

ಒಲೆಯ ವಿಜ್ಞಾನ ನಮ್ಮ ರಾಜ್ಯಕ್ಕೆ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರದಿಂದ 1980ರ ದಶಕದಲ್ಲಿ ಅಸ್ತ್ರ ಒಲೆ ಬಂತು. ಮೂರು ಪಾತ್ರೆ ಕೂರುವ ಮಣ್ಣಿನ ಒಲೆ. ಸೌದೆಯ ಕೆಳಗೆ ಜಾಲರಿ, ಅದರಡಿ ಬೂದಿಗುಂಡಿ, ಹಿಂದೆ ಹೊಗೆಕೊಳವೆ. ಗಾಳಿ ಕೆಳಗಿನಿಂದ ಬರುವುದರಿಂದ ಸೌದೆ ಚೆನ್ನಾಗಿ ಉರಿಯುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಶೇ. 10ರಿಂದ 15 ಮಾತ್ರ ಪಾತ್ರೆಗೆ ಸೇರಿದರೆ, ಇದರಲ್ಲಿ ಪ್ರಯೋಗಾಲಯದ ಅಳತೆಯಂತೆ ಶೇ. 40ರ ಆಸುಪಾಸು ಸೇರುತ್ತಿತ್ತು. ಕೇಂದ್ರ ಸರ್ಕಾರವೂ 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿ, 2002ರವರೆಗೆ ಕೋಟಿಗಟ್ಟಲೆ ಒಲೆಗಳನ್ನು ಹಂಚಿತು. ಅವುಗಳಲ್ಲಿ ಎಷ್ಟೋ ಒಲೆಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಕಾರಣ ನಮ್ಮ ಲೈನಿನಲ್ಲೇ ನಮಗೆ ತಿಳಿಯಿತು.

ನಮ್ಮ ತೋಟದ ಕೆಲಸಕ್ಕೆ ವಿಜಯಪುರ ಜಿಲ್ಲೆಯ ಹೂವಿನ ಹಿಪ್ಪರಗಿ ಕಡೆಯ ಎರಡು ಕುಟುಂಬಗಳು ಬರುತ್ತವೆ. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು ಉರಿಸಿ ರೂಢಿಯಾದವರು ಇಲ್ಲಿಯ ಹಸಿ ಸೌದೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುವುದನ್ನು ನೋಡಿ, ಗಾರೆಯವನನ್ನು ಕರೆಸಿ, ಪುಸ್ತಕದ ಅಳತೆಯಂತೆ ಕೊಳವೆಯ ಒಲೆ ಕಟ್ಟಿಸಿದೆವು. ಹೆಮ್ಮೆಯೂ ಆಗಿತ್ತು. ತಿಂಗಳು ಬಿಟ್ಟು ಹೋಗಿ ನೋಡಿದರೆ ಒಳಗಿನ ಒಲೆಯ ಮೇಲೆ ಡಬ್ಬಿಗಳನ್ನು ಜೋಡಿಸಿದ್ದಾರೆ, ಜಗಲಿಯ ಮೂರು ಕಲ್ಲಿನಲ್ಲಿ ಬೆಂಕಿ ಉರಿಯುತ್ತಿದೆ! ಕೋಪ ಬಂದದ್ದು ನಿಜ. ಮನೆಯಾಕೆ ಹೇಳಿದ್ದು ಇಷ್ಟು: "ಒಲಿ ಚಲೋನ ಐತ್ರಿ ಸಾವ್ಕಾರ್ರ, ಹೊಗಿನೂ ಇಲ್ರಿ. ಆದ್ರ ರೊಟ್ಟಿ ನಡುವ ಹೊತ್ತತೈತಿ, ಅಂಚಿನ್ಯಾಗ ಹಸಿ ಉಳಿತೈತಿ. ಅನ್ನಾ ಉಣ್ಣಾವ್ರ ಒಲಿರಿ ಇದು."

ನಾವು ಕಟ್ಟಿಸಿದ್ದು ಅನ್ನದ ತಪ್ಪಲೆಗೆ ತಕ್ಕ ತೂತು. ಜೋಳದ ರೊಟ್ಟಿಯ ಅಗಲ ಹಂಚಿಗೆ ಉರಿ ಅಂಚಿನವರೆಗೆ ಹರಡಬೇಕು. ಬೆಂದ ರೊಟ್ಟಿಯನ್ನು ಒಲೆಯ ಬಾಯಲ್ಲಿ ಕೆಂಡದೆದುರು ನಿಲ್ಲಿಸಿ ಉಬ್ಬಿಸಲು ಜಾಗವೂ ಬೇಕು. ನಮ್ಮ ಒಲೆಯ ಬಾಯಿ ಸಣ್ಣದು. ಕಟ್ಟುವ ಮೊದಲು ಆಕೆಯನ್ನು ಒಂದು ಮಾತು ಕೇಳಿದ್ದರೆ ಇಟ್ಟಿಗೆಯೂ ಕೂಲಿಯೂ ಉಳಿಯುತ್ತಿದ್ದವು. ನಮ್ಮ ಮನೆಯ ಒಲೆಯ ಅಳತೆಗೆ ಮನೆಯವರನ್ನು ಕೇಳಿದ್ದೆವು. ಲೈನಿನವರನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ. ಆಮೇಲೆ ಮುಂದಿನ ತೂತನ್ನು ಒಡೆದು ಹಂಚಿನ ಅಳತೆಗೆ ಅಗಲಿಸಿ, ತಪ್ಪಲೆ ಇಡುವಾಗ ಹಾಕಿಕೊಳ್ಳಲು ಕಬ್ಬಿಣದ ಬಳೆಯೊಂದನ್ನು ಮಾಡಿಸಿ, ಬಾಯಿಯನ್ನೂ ದೊಡ್ಡದು ಮಾಡಿಸಿದೆವು. ಸೌದೆ ಮೊದಲಿಗಿಂತ ಕೊಂಚ ಹೆಚ್ಚು ಹಿಡಿಯುತ್ತದೆ. ಆದರೆ ಹೊಗೆ ಕೊಳವೆಯಲ್ಲೇ ಹೋಗುತ್ತದೆ, ಜಗಲಿಯ ಕಲ್ಲುಗಳು ತಣ್ಣಗಿವೆ.

ಹೊಗೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸತ್ತವರು ಸುಮಾರು 32 ಲಕ್ಷ. ಆದುದರಿಂದ ಸೌದೆ ಉಳಿತಾಯಕ್ಕಿಂತ ಮೊದಲು ಕೊಳವೆಯನ್ನು ನೋಡಿ. ಅದು ಮಾಡಿನ ನೆತ್ತಿಗಿಂತ ಮೇಲೇರಬೇಕು, ಮೇಲೊಂದು ಟೋಪಿ ಇರಬೇಕು, ತಿಂಗಳಿಗೊಮ್ಮೆ ಮಸಿ ಕೆಡವಲು ಬರುವಂತಿರಬೇಕು. ಹಳೆಯ ಆಸ್ಬೆಸ್ಟಾಸ್ ಕೊಳವೆ ಬೇಡ.

ಇನ್ನು ಮನೆ ಬೆಚ್ಚಗಿಡುವ ವಿಚಾರ. ಪಟ್ಟಣದಲ್ಲಿರುವ ಮಕ್ಕಳು ಗಾಜಿನ ಬಾಗಿಲಿನ ಕಬ್ಬಿಣದ ಒಲೆಗಳ ಚಿತ್ರ ತೋರಿಸಿ ಆಸೆ ಹುಟ್ಟಿಸುತ್ತಾರೆ. ಕಾಶ್ಮೀರದ ಬುಖಾರಿ ಅಲ್ಲಿಯ ಮುಚ್ಚಿದ ಕೋಣೆಗಳಿಗೆ ಸರಿ. ಹೆಂಚಿನ ಸಂದಿಯಲ್ಲಿ ಗಾಳಿಯಾಡುವ ನಮ್ಮ ಮನೆಗಳಲ್ಲಿ ಶಾಖ ಮಾಡಿನಲ್ಲೇ ಹೋಗಿಬಿಡುತ್ತದೆ. ಮಲೆನಾಡಿನ ತೊಂದರೆ ಚಳಿಗಿಂತ ಹೆಚ್ಚಾಗಿ ತೇವದ್ದು. ಅದಕ್ಕೆ ನಮ್ಮ ಹಿರಿಯರು ಶಾಖವನ್ನು ಬಚ್ಚಲಿನ ಹಂಡೆಗೂ ಅಟ್ಟಕ್ಕೂ ಕೊಟ್ಟರು. ಬಚ್ಚಲೊಲೆಯ ಮೇಲೆ ತಂತಿ ಕಟ್ಟಿದರೆ ಬಟ್ಟೆಯೂ ಕಂಬಳಿಯೂ ಒಣಗುತ್ತವೆ. ಮೊದಲ ಒಲೆಗೆ ಇರುವುದು ಒಂದೇ ಒಲೆಯ ಹಣವಾದರೆ, ಅಡಿಗೆಗೆ ಗ್ಯಾಸನ್ನೇ ಇಟ್ಟುಕೊಂಡು ಬಚ್ಚಲಿಗೆ ಕೊಳವೆಯ ಒಲೆ ಕಟ್ಟಿಸಿ ಎಂಬುದು ನಮ್ಮ ಸಲಹೆ. ಕಷ್ಟಕಾಲದಲ್ಲಿ ಅಲ್ಲೇ ಒಂದು ಅನ್ನವೂ ಬೇಯುತ್ತದೆ. ಒಂದು ಮಾತು ನೆನಪಿರಲಿ: ಅಡಿಗೆಮನೆಗೆ ಕೊಳವೆ ಬಂದರೆ ಅಟ್ಟಕ್ಕೆ ಹೊಗೆ ತಪ್ಪುತ್ತದೆ. ಆಮೇಲೆ ಅಲ್ಲಿಟ್ಟ ಸಾಮಾನಿಗೆ ಬೂಸಲು ಹಿಡಿಯಿತೆಂದು ಒಲೆಯನ್ನು ಬೈಯಬೇಡಿ, ಸಾಮಾನನ್ನು ಬಚ್ಚಲಿನ ಮೇಲಕ್ಕೆ ಸಾಗಿಸಿ. ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿಕೊಂಡು ಬಾಗಿಲು ಮುಚ್ಚಿ ಮಲಗುವುದಂತೂ ಪ್ರಾಣಕ್ಕೇ ಅಪಾಯ. ಆ ವಿಷಗಾಳಿಗೆ ವಾಸನೆಯೂ ಇಲ್ಲ.

ಯಾವ ಒಲೆಯಾದರೂ ಸೌದೆ ಹಸಿಯಾಗಿದ್ದರೆ ಕೆಟ್ಟದ್ದೇ. ಆಗ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಅದನ್ನು ಆವಿ ಮಾಡುವುದಕ್ಕೇ ಶಾಖ ವ್ಯರ್ಥ, ಕೊಳವೆಗೆ ಜಿಗುಟು ಮಸಿ ಬೇರೆ. ನಮಗೆ ಸೌದೆಗೆ ಬರವಿಲ್ಲ. ಕಾಫಿಯ ಹಳೆ ಬುಡ ಗಟ್ಟಿ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಸಿಲ್ವರ್ ಓಕಿನ ಕೊಂಬೆ ಒಣಗಿದರೆ ಆದೀತು. ಹಾಲುವಾಣ ಒಲೆಗೆ ದಂಡ. ಅಡಿಕೆ ಸಿಪ್ಪೆ, ಸೋಗೆ ಹಂಡೆಗೆ ಸಾಕು. ಮರಗಸಿ ಮುಗಿದ ಕೂಡಲೇ ಸೀಳಿ, ಮೃಗಶಿರಾ ಮಳೆಗೆ ಮುಂಚೆ ಸೂರಿನಡಿ ಒಟ್ಟಿ.

ಆ ಸದಸ್ಯರಿಗೆ ನಾವು ಹೇಳಿದ್ದು, ಮನೆಯ ಹಂಡೆ, ತಪ್ಪಲೆ, ದೋಸೆ ಕಾವಲಿಗಳ ಅಡ್ಡಳತೆಯನ್ನು ಮನೆಯವರ ಕೈಯಿಂದಲೇ ಬರೆಸಿ ತನ್ನಿ ಎಂದು. ಲೈನಿನ ಮನೆಗಳಿಗೂ ಕಟ್ಟಿಸುವುದಾದರೆ ಅವರ ಹಂಚಿನ ಅಳತೆಯೂ ಅದರೊಂದಿಗೆ ಇರಲಿ. ಮಣ್ಣಿನ ಒಲೆ ನೆರಳಿನಲ್ಲಿ ಎರಡು ವಾರ ಒಣಗದೆ ಬೆಂಕಿ ಹಾಕಿದರೆ ಬಿರುಕು ಬಿಡುತ್ತದೆ; ಕೆಲಸವನ್ನು ಏಪ್ರಿಲ್ ಒಳಗೆ ಮುಗಿಸಿಕೊಳ್ಳಿ.