ಬಾಗ್ಲು ತೆಗೆಯೋರನ್ನ ಒಂದ್ಮಾತು ಕೇಳಿ

ನಮ್ಮ ಮನೆಗಳಲ್ಲಿ ಏನಾದ್ರೂ ಕೆಟ್ಟೋದ್ರೆ, ರಿಪೇರಿ ಮಾಡಿಸ್ಬೇಕೋ ಬೇಡ್ವೋ ಅಂತ ತೀರ್ಮಾನ ಮಾಡೋರು ಒಬ್ರು, ಅದನ್ನ ದಿನಾ ಕೈಯಲ್ಲಿ ಹಿಡಿಯೋರು ಇನ್ನೊಬ್ರು. ಮಿಕ್ಸಿ ಜಾರಿನ ಮುಚ್ಚಳ ಸೀಳಿದ್ರೂ ಅಂಗೈಲಿ ಒತ್ತಿ ಹಿಡ್ಕೊಂಡು ವರ್ಷಗಟ್ಟಲೆ ಚಟ್ನಿ ರುಬ್ಬಿರೋರು ನಮ್ಮಲ್ಲಿ ಎಷ್ಟು ಜನ ಇಲ್ಲ ಹೇಳಿ. ಇವತ್ತು ನಾನು ಬರೀತಿರೋದು ಕಾರಿನ ಬಾಗ್ಲ ವಿಷಯ. ಆದ್ರೆ ಮಾತು ಅದೇನೇ.

ಮಗಳ ಎರಡನೇ ಬಾಣಂತನಕ್ಕೆ ಅಂತ ಅಮೆರಿಕದಲ್ಲಿ ಐದು ತಿಂಗಳು ಇದ್ದು ಬಂದ್ನಲ್ಲ. ಈಗ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಣ ಎಲ್ಲಿ ಹೋದ್ರೂ ಹಿಂಗೆ ಹೋಗಿ ಬಂದ ಅಮ್ಮಂದಿರು ಬೀದಿಗೊಬ್ರು ಸಿಕ್ತಾರೆ, ಅವ್ರಿಗೆಲ್ಲ ಈ ಗಾಡಿ ಗೊತ್ತಿರತ್ತೆ. ಅಲ್ಲಿ ಮಗೂನ ತೊಡೆ ಮೇಲೆ ಕೂರಿಸ್ಕೊಂಡು ಹೋಗೋ ಹಾಗಿಲ್ಲ. ಪುಟ್ಟ ಮಕ್ಕಳಿಗೆ ಬೇರೆ ಸೀಟು ಬಿಗಿದು ಅದರಲ್ಲೇ ಕೂರಿಸ್ಬೇಕು, ಕಾನೂನು. ಅಂಥ ಎರಡು ಸೀಟು ಇಟ್ಟು, ಅಜ್ಜಿ ತಾತನೂ ಕೂರ್ಬೇಕು ಅಂದ್ರೆ ಸಣ್ಣ ಕಾರು ಸಾಲಲ್ಲ. ಅದಕ್ಕೇ ಮಿನಿವ್ಯಾನ್ ತಗೋತಾರೆ. ಅದರ ಪಕ್ಕದ ಬಾಗ್ಲು ನಮ್ಮ ಓಮ್ನಿ ಥರಾನೇ ಹಿಂದಕ್ಕೆ ಜಾರತ್ತೆ. ಗುಂಡಿ ಒತ್ತಿದ್ರೆ ತಾನಾಗೇ ತೆಕ್ಕೊಂಡು ತಾನಾಗೇ ಮುಚ್ಕೊಳತ್ತೆ ಅನ್ನೋದೊಂದೇ ಹೆಚ್ಚು.

ನಾನು ಹೋದ ಎರಡನೇ ತಿಂಗಳಿಗೆ ಆ ಬಾಗ್ಲು ಕರಕರ ಅನ್ನಕ್ಕೆ ಶುರುವಾಗಿ, ಅರ್ಧಕ್ಕೇ ನಿಂತ್ಕೊಳ್ತಿತ್ತು. ತೋರಿಸಿದ್ರೆ, ಮೋಟಾರು ಕೇಬಲ್ಲು ಎಲ್ಲಾ ಒಂದೇ ಸೆಟ್ಟು, ಪೂರ್ತಿ ಬದಲಾಯಿಸ್ಬೇಕು, ಕೂಲಿ ಸೇರಿ 1,900 ಡಾಲರ್ ಅಂದ್ರು. ನಮ್ಮ ದುಡ್ಡಲ್ಲಿ ಒಂದೂವರೆ ಲಕ್ಷದ ಮೇಲಾಯ್ತು. ಎರಡು ಒಳ್ಳೆ ಹಾಲು ಕೊಡೋ ಹಸು ತಂದು ಕಟ್ಬೋದು ಅಷ್ಟಕ್ಕೆ!

ಅಳಿಯಂದ್ರು ಹೇಳಿದ್ದು ಇಷ್ಟು: "ಸ್ವಿಚ್ ಆಫ್ ಮಾಡಿ ಕೈಯಲ್ಲೇ ಎಳ್ಕೊಂಡ್ರಾಯ್ತು ಬಿಡಿ ಅತ್ತೆ. ಊರಲ್ಲಿ ಓಮ್ನಿ ಬಾಗ್ಲು ಎಳೀತಿರ್ಲಿಲ್ವಾ?"

ಅವ್ರ ಮಾತು ತೆಗೆದುಹಾಕೋ ಹಾಗೂ ಇಲ್ಲ. ಮಾರುತಿ ವ್ಯಾನ್ ಬಂದಿದ್ದು 1984ರಲ್ಲಿ, ಆಮೇಲೆ ಅದಕ್ಕೇ ಓಮ್ನಿ ಅಂತ ಹೆಸರಾಯ್ತು. ಮದುವೆ ದಿಬ್ಬಣ, ಆಸ್ಪತ್ರೆ, ಸ್ಕೂಲ್ ಮಕ್ಕಳು, ತೆಂಗಿನಕಾಯಿ ಮೂಟೆ, ಎಲ್ಲಕ್ಕೂ ಅದೇ. 2019ರಲ್ಲಿ ತಯಾರಿಕೆ ನಿಂತೋಯ್ತು, ಆದ್ರೆ 2010ರಲ್ಲಿ ಬಂದ ಈಕೋಗೂ ಕೈಯಲ್ಲಿ ಎಳೆಯೋ ಬಾಗ್ಲೇ. ಸಿಕ್ಕಾಕೊಂಡ್ರೆ ಕಂಬಿಲಿರೋ ಮಣ್ಣು ಒರೆಸಿ, ಗ್ರೀಸ್ ಹಚ್ಚಿ, ರೋಲರ್ ಸವೆದಿದ್ರೆ ಬದಲಾಯಿಸಿದ್ರೆ ಮುಗೀತು.

ಆದ್ರೆ ಓಮ್ನಿ ಬಾಗ್ಲು ಹಗೂರ. ಈ ಮಿನಿವ್ಯಾನಿಂದು ದಪ್ಪಗೆ, ಭಾರ. ಅದೂ ಅಲ್ದೆ ಕೆಟ್ಟ ಮೋಟಾರು, ಎಳೆ ಬಿಟ್ಟ ಕೇಬಲ್ಲು ಒಳಗೇ ಇದ್ದು ಹಿಂದಕ್ಕೆ ಜಗ್ಗತ್ತೆ. ಅಳಿಯಂದ್ರು ಬೆಳಿಗ್ಗೆ ಬೇರೆ ಕಾರಲ್ಲಿ ಆಫೀಸಿಗೆ ಹೊರಟೋಗ್ತಾರೆ. ಸಿಸೇರಿಯನ್ ಆಗಿರೋ ಮಗಳು ಒಂದು ಕೈಲಿ ಕೂಸು, ಇನ್ನೊಂದು ಕೈಲಿ ನಾಕು ವರ್ಷದ ಹುಡುಗನ್ನ ಹಿಡ್ಕೊಂಡು, ಯಾವ ಕೈಲಿ ಎಳೀಬೇಕು? ದಿನಕ್ಕೆ ಹತ್ತು ಹನ್ನೆರಡು ಸಲ ತೆಗೆದು ಹಾಕೋಳು ಅವ್ಳು. ಕೇಳಿದ್ರೆ ಅವ್ಳೂ "ಇರ್ಲಿ ಬಿಡಮ್ಮ, ದುಡ್ಡು ಜಾಸ್ತಿ ಆಗತ್ತೆ" ಅಂತಾಳೆ. ಈ "ಇರ್ಲಿ ಬಿಡು" ಅನ್ನೋದು ನಮಗೆ ಬಳುವಳೀಲಿ ಬಂದಿರೋ ಮಾತು ಕಣ್ರೇ. ಗಂಡಸ್ರು ಬೇಕು ಅಂತ ಕಷ್ಟ ಕೊಡ್ತಾರೆ ಅಂತ ನಾನು ಹೇಳ್ತಿಲ್ಲ. ಕಷ್ಟ ಅಂತ ಬಾಯಿ ಬಿಟ್ಟು ಹೇಳ್ದೆ ಇದ್ರೆ ಲೆಕ್ಕದಲ್ಲಿ ಅದು ಬರೋದಾದ್ರೂ ಹೆಂಗೆ?

ಹಂಗಂತ ಕೇಳಿದಷ್ಟು ದುಡ್ಡು ಸುರೀಬೇಕು ಅಂತಾನೂ ಅಲ್ಲ. ಆ ಬಾಗ್ಲೊಳಗೆ ಇರೋದು ನಮ್ಮ ಬಾವಿ ರಾಟೆ ಹಗ್ಗ ಇದ್ದಂಗೆ. ಮೋಟಾರು ತಂತಿ ಹಗ್ಗಾನ ಸುತ್ತಿ ಎಳೆಯತ್ತೆ, ಬಾಗ್ಲು ಕಂಬಿ ಮೇಲೆ ಜಾರತ್ತೆ. ದಿನಾ ಎಳೆದೂ ಎಳೆದೂ ತಂತಿ ಎಳೆ ಬಿಡತ್ತೆ, ರೋಲರ್ ಸವೆಯತ್ತೆ, ಕಂಬೀಲಿ ಕಸ, ಮಕ್ಕಳು ಉದುರಿಸಿದ ಬಿಸ್ಕತ್ತಿನ ಪುಡಿ ಕೂತ್ಕೊಳತ್ತೆ. ಹಗ್ಗ ಹರಿದ್ರೆ ಯಾರಾದ್ರೂ ಬಾವೀನೇ ಹೊಸದಾಗಿ ತೋಡಿಸ್ತಾರಾ? ಇನ್ನೊಂದು ಕಡೆ ತೋರಿಸಿ ಅಂತ ಹೇಳ್ದೆ. ಅಲ್ಲಿ ಬಿಚ್ಚಿ ನೋಡಿ, ಮೋಟಾರು ಚೆನ್ನಾಗೇ ಇದೆ ಅಂತ ಹೇಳಿ, ಕೇಬಲ್ಲೂ ಒಂದು ರೋಲರೂ ಹಾಕಿ 620 ಡಾಲರ್ ತಗೊಂಡ್ರು. ಎಲ್ಲಾ ಗಾಡಿಗೂ ಬಿಡಿ ಕೇಬಲ್ ಸಿಗತ್ತೆ ಅಂತಲ್ಲ. ಆದ್ರೆ ಕೇಳದೆ ಇದ್ರೆ ಕೊಡೋರು ಯಾರು?

ಇನ್ನೊಂದು ವಿಷಯ ಅಲ್ಲಿರೋ ಮಕ್ಕಳಿಗೆ ನೀವೇ ಹೇಳಿ. ಕೆಲವು ಸಲ ತಪ್ಪು ಗಾಡಿ ಮಾಡಿದೋರದ್ದೇ ಇರತ್ತೆ. 2016ರ ನವೆಂಬರ್‌ನಲ್ಲಿ ಟೊಯೊಟಾದವ್ರು 2011ರಿಂದ 2016ರ ಮಾಡೆಲಿನ ಸಿಯೆನ್ನಾ ಮಿನಿವ್ಯಾನುಗಳನ್ನ ವಾಪಸ್ ಕರೆದಿದ್ರು, ಅಮೆರಿಕದಲ್ಲೇ ಸುಮಾರು 7,44,000 ಗಾಡಿ. ಬಾಗ್ಲು ತೆಕ್ಕೊಳ್ಳೋವಾಗ ಮಂಜು ಗಿಂಜು ಕಟ್ಟಿ ಅಡ್ಡಿಯಾದ್ರೆ ಮೋಟಾರಿಗೆ ಕರೆಂಟು ಜಾಸ್ತಿ ನುಗ್ಗಿ ಫ್ಯೂಸು ಹೋಗೋದು, ಚಿಲಕ ಬಿಟ್ಕೊಂಡಿದ್ದು ಹಾಗೇ ನಿಂತುಬಿಟ್ರೆ ಗಾಡಿ ಓಡುವಾಗ್ಲೇ ಬಾಗ್ಲು ತೆಕ್ಕೊಳ್ಳೋದು. ಮಕ್ಕಳಿರೋ ಗಾಡೀಲಿ ಅದೆಂಥ ಅಪಾಯ ಯೋಚನೆ ಮಾಡಿ. ಇಂಥದ್ದಕ್ಕೆ ಅಲ್ಲಿ ಪುಕ್ಕಟೆ ರಿಪೇರಿ. ಗಾಡಿಗೆ 17 ಅಕ್ಷರ ಅಂಕಿಯ ನಂಬರ್ ಒಂದಿರತ್ತೆ, ಅದನ್ನ ಅಲ್ಲಿನ ಸರ್ಕಾರದ ವೆಬ್‌ಸೈಟಲ್ಲಿ ಹಾಕಿದ್ರೆ ವಾಪಸ್ ಕರೆದಿರೋದು ಏನಾದ್ರೂ ಬಾಕಿ ಇದ್ಯಾ ಅಂತ ತೋರಿಸತ್ತೆ. ಮಗಳ ಗಾಡೀಲಿ ಅಂಥದ್ದೇನೂ ಇರ್ಲಿಲ್ಲ, ಬರೀ ಸವಕಳಿ. ಆದ್ರೂ ಜೇಬಿಗೆ ಕೈ ಹಾಕೋಕೆ ಮುಂಚೆ ನೋಡ್ಕೊಳ್ಳೋದು ಒಳ್ಳೇದು.

ಇದು ಅಮೆರಿಕದ ಕತೆ, ನಮಗ್ಯಾಕೆ ಅನ್ಬೇಡಿ. ಗುಂಡಿ ಒತ್ತೋ ಬಾಗ್ಲಿರೋ ಕಿಯಾ ಕಾರ್ನಿವಲ್ 2020ರಲ್ಲೇ ನಮ್ಮ ದೇಶಕ್ಕೂ ಬಂತು. 2024ರ ಅಕ್ಟೋಬರ್‌ನಲ್ಲಿ ಹೊಸದು ಬಂದಾಗ ಷೋರೂಮ್ ಬೆಲೆ 63.90 ಲಕ್ಷ. ಅಷ್ಟು ದುಡ್ಡಿನ ಗಾಡಿ ನಮ್ಮ ನೆಂಟರಲ್ಲಿ ಯಾರೋ ಒಬ್ರು ತಗೊಂಡಾರು. ಆದ್ರೆ ಕೈಲಿ ಎಳೆಯೋ ಬಾಗ್ಲು ನಮ್ಮ ಬೀದೀಲೇ ದಿನಾ ನಿಲ್ತಾವಲ್ಲ. ಸ್ಕೂಲ್ ವ್ಯಾನಿನ ಆಯಾಮ್ಮನ್ನ ನೋಡಿದ್ದೀರಾ? ಪ್ರತಿ ಸ್ಟಾಪಲ್ಲೂ ಇಳಿದು, ಸವೆದೋಗಿರೋ ಬಾಗ್ಲನ್ನ ಎರಡು ಕೈಲಿ ಜಗ್ಗಿ, ಮಕ್ಕಳ ಬೆರಳು ಸಿಕ್ಕದಂಗೆ ನೋಡ್ಕೊಂಡು, ಮತ್ತೆ ಧಡಾರ್ ಅಂತ ನೂಕಿ ಹಾಕೋಳು ಅವ್ಳು. ಗಾಡಿ ಓಡ್ತಿದೆಯಲ್ಲ, ಬಾಗ್ಲಿಗೇನು ಅವಸರ ಅನ್ನೋರು ಡ್ರೈವರ್ ಸೀಟಲ್ಲಿ ಕೂತಿರ್ತಾರೆ. ಒಂದು ರೋಲರ್ ಹಾಕ್ಸಿದ್ರೆ ಅವ್ಳ ಭುಜ ಉಳಿಯತ್ತೆ, ಮಕ್ಕಳ ಬೆರಳೂ ಉಳಿಯತ್ತೆ.

ಅದಕ್ಕೇ ನನ್ನ ಮಾತು ಇಷ್ಟು. ರಿಪೇರಿಗೆ ಎಷ್ಟಾಗತ್ತೆ ಅಂತ ಕೇಳೋ ಜೊತೆಗೆ, ರಿಪೇರಿ ಮಾಡಿಸ್ದೆ ಇದ್ರೆ ಅದರ ಭಾರ ಯಾರ ಮೈಮೇಲೆ ಬೀಳತ್ತೆ ಅಂತಾನೂ ಕೇಳ್ಬೇಕು. ಗಾಡಿ ತಗೊಳ್ಳೋ ಮುಂಚೆ ಮೂರು ವಿಚಾರಿಸಿ: ಮೋಟಾರು ಕೆಟ್ರೆ ಕೈಲಿ ಸುಲಭಕ್ಕೆ ಎಳೀಬೋದಾ, ಕೇಬಲ್ಲು ರೋಲರ್ರು ಬಿಡಿಯಾಗಿ ಸಿಗತ್ತಾ, ಸೆಟ್ಟಿಗೆ ಎಷ್ಟು. ಕೆಟ್ಟ ಮೇಲೆ ಎರಡು ಕಡೆ ತೋರಿಸಿ. ಕಂಬೀನ ತಿಂಗಳಿಗೊಂದ್ಸಲ ಒದ್ದೆ ಬಟ್ಟೇಲಿ ಒರೆಸಿ, ಅದಕ್ಕೆ ಕಾಸು ಬೇಡ. ನಿಮ್ಮ ಸೊಸೆನೋ ಮಗಳೋ "ಇರ್ಲಿ ಬಿಡಿ" ಅಂದ್ರೆ ಒಪ್ಕೋಬೇಡಿ. ಅವ್ಳ ಜೊತೆ ಹೋಗಿ, ಆ ಬಾಗ್ಲನ್ನ ನೀವೇ ಒಂದ್ಸಲ ಎಳೆದು ನೋಡಿ.