ವಿಕಲಚೇತನರ ಸೌಲಭ್ಯಗಳು ಮತ್ತು ಆದಾಯ ತೆರಿಗೆ: ಹೊಸ ಪದ್ಧತಿಯಲ್ಲಿ ಕೈಬಿಟ್ಟುಹೋದ ನ್ಯಾಯ



ಆದಾಯ ತೆರಿಗೆಯ ವಿವರ ಸಲ್ಲಿಸುವ ದಿನಗಳು ಬಂದಾಗಲೆಲ್ಲ ಶ್ರೀಮಠದ ಕಾರ್ಯಾಲಯಕ್ಕೆ ಬರುವ ಸದ್ಭಕ್ತರಲ್ಲಿ ಕೆಲವರು ಎರಡು ಪ್ರಶ್ನೆಗಳನ್ನು ಕೇಳುವುದುಂಟು. ವಿಕಲಚೇತನರಿಗೆ ಬರುವ ಮಾಸಾಶನಕ್ಕೆ ತೆರಿಗೆ ಇದೆಯೇ? ವಿಕಲಚೇತನ ಮಗುವನ್ನು ಸಾಕುತ್ತಿರುವ ತಂದೆತಾಯಿಗಳಿಗೆ ಏನಾದರೂ ರಿಯಾಯಿತಿ ದೊರೆಯುವುದೇ? ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದಕ್ಕೆ ಕೆಲವು ವರ್ಷಗಳ ಹಿಂದೆ ಇದ್ದ ಉತ್ತರ ಇಂದು ಹಾಗೆಯೇ ಉಳಿದಿಲ್ಲ. ಈ ಬದಲಾವಣೆಯನ್ನು ಸಮಾಜ ಗಮನಿಸಬೇಕಾಗಿದೆ.

ಮೊದಲು ಮಾಸಾಶನದ ವಿಚಾರ. ಇಂದಿರಾಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿ ಯೋಜನೆಯಡಿ, ಶೇಕಡಾ 80ರಷ್ಟು ವೈಕಲ್ಯವಿರುವ ಬಡಕುಟುಂಬದವರಿಗೆ ಕೇಂದ್ರ ಸರ್ಕಾರ ನೀಡುವ ಪಾಲು ತಿಂಗಳಿಗೆ 300 ರೂಪಾಯಿ. ರಾಜ್ಯ ಸರ್ಕಾರದ ಮಾಸಾಶನವೂ ವರ್ಷಕ್ಕೆ ಕೆಲವೇ ಸಾವಿರಗಳಷ್ಟು. ಬೇರೆ ಆದಾಯವಿಲ್ಲದವರಿಗೆ ಈ ಮೊತ್ತ ತೆರಿಗೆಯ ಮಿತಿಯ ಹತ್ತಿರಕ್ಕೂ ಬರುವುದಿಲ್ಲವಾದ್ದರಿಂದ ಅವರು ಚಿಂತಿಸಬೇಕಾದ ಕಾರಣವಿಲ್ಲ. ಆದರೆ ನೌಕರಿ ಮಾಡಿ ನಿವೃತ್ತರಾದ ವಿಕಲಚೇತನರಿಗೆ ಬರುವ ಸೇವಾ ಪಿಂಚಣಿ ಬೇರೆ. ಅದು ಉಳಿದ ಪಿಂಚಣಿದಾರರಂತೆಯೇ ವೇತನದ ಆದಾಯವಾಗಿ ತೆರಿಗೆಗೆ ಒಳಪಡುತ್ತದೆ.

ಸೈನಿಕರ ವಿಷಯದಲ್ಲಿ ನಿಯಮ ಇನ್ನೊಂದು ಬಗೆಯದು. ಸೇವೆಯ ಕಾರಣದಿಂದ ಉಂಟಾದ ಅಥವಾ ಉಲ್ಬಣಿಸಿದ ಅಂಗವೈಕಲ್ಯದಿಂದ ಸೇನೆಯಿಂದ ಬಿಡುಗಡೆ ಹೊಂದಿದವರ ಪಿಂಚಣಿಗೆ ಬಹುಕಾಲದಿಂದ ತೆರಿಗೆ ವಿನಾಯಿತಿ ಇದೆ. ಪೂರ್ಣಾವಧಿ ಸೇವೆ ಮುಗಿಸಿ ನಿವೃತ್ತರಾದವರಿಗೆ ಬರುವ ಅಂಗವೈಕಲ್ಯ ಪಿಂಚಣಿಗೆ ಈ ವಿನಾಯಿತಿ ಅನ್ವಯಿಸದೆಂದು ಕೇಂದ್ರ ನೇರ ತೆರಿಗೆಗಳ ಮಂಡಳಿ 2019ರ ಜೂನ್‌ನಲ್ಲಿ ಸುತ್ತೋಲೆ ಹೊರಡಿಸಿತು. ಮಾಜಿ ಸೈನಿಕರು ಇದನ್ನು ತೀವ್ರವಾಗಿ ವಿರೋಧಿಸಿದರು. ನಮ್ಮ ಭಕ್ತವೃಂದದಲ್ಲಿಯೂ ಸೇನೆಯಲ್ಲಿ ದುಡಿದು ಬಂದವರಿದ್ದಾರೆ. ತಾವು ಸೇನೆಯಿಂದ ಬಿಡುಗಡೆಯಾದ ಆದೇಶದಲ್ಲಿ ಯಾವ ಕಾರಣ ನಮೂದಾಗಿದೆ ಎಂಬುದನ್ನು ಅವರು ಪರಿಶೀಲಿಸಿಕೊಳ್ಳುವುದು ಒಳಿತು.

ಇನ್ನು ಮುಖ್ಯ ವಿಷಯ. ದುಡಿಯುವ ವಿಕಲಚೇತನರಿಗೂ ಅವರನ್ನು ಸಾಕುವ ಕುಟುಂಬಗಳಿಗೂ 1961ರ ಆದಾಯ ತೆರಿಗೆ ಕಾಯಿದೆ ಎರಡು ಆಸರೆಗಳನ್ನು ಕೊಟ್ಟಿತ್ತು. ಕಲಂ 80ಯು ಪ್ರಕಾರ, ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ ತೆರಿಗೆದಾರರು ತಮ್ಮ ಆದಾಯದಿಂದ 75,000 ರೂಪಾಯಿಗಳನ್ನೂ, ಶೇಕಡಾ 80 ಮತ್ತು ಮೇಲ್ಪಟ್ಟ ತೀವ್ರ ವೈಕಲ್ಯವಿರುವವರು 1,25,000 ರೂಪಾಯಿಗಳನ್ನೂ ಕಳೆದುಕೊಂಡು ಉಳಿದುದಕ್ಕೆ ಮಾತ್ರ ತೆರಿಗೆ ಕಟ್ಟಬಹುದು. ಕಲಂ 80ಡಿಡಿ ಪ್ರಕಾರ, ಅವಲಂಬಿತರಾದ ಪತಿ ಅಥವಾ ಪತ್ನಿ, ಮಕ್ಕಳು, ತಂದೆತಾಯಿ, ಒಡಹುಟ್ಟಿದವರಲ್ಲಿ ಯಾರಾದರೂ ವಿಕಲಚೇತನರಿದ್ದು, ಅವರ ಚಿಕಿತ್ಸೆ, ತರಬೇತಿ ಅಥವಾ ಪುನರ್ವಸತಿಗಾಗಿ ವೆಚ್ಚ ಮಾಡುವವರಿಗೆ ಇಷ್ಟೇ ಮೊತ್ತದ ಕಡಿತ ಸಿಗುತ್ತದೆ. ಖರ್ಚು ಇದಕ್ಕಿಂತ ಕಡಿಮೆಯಾಗಿದ್ದರೂ ನಿಗದಿತ ಮೊತ್ತ ಪೂರ್ತಿಯಾಗಿ ದೊರೆಯುತ್ತದೆ. ಒಬ್ಬರ ವೈಕಲ್ಯಕ್ಕಾಗಿ ಎರಡೂ ಕಲಂಗಳ ಲಾಭವನ್ನು ಪಡೆಯುವಂತಿಲ್ಲ.

ಈಗ ಈ ಎರಡೂ ಕಡಿತಗಳು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಉಳಿದಿವೆ. 2023-24ರ ಆರ್ಥಿಕ ವರ್ಷದಿಂದ ಹೊಸ ಪದ್ಧತಿಯೇ ಸಹಜವಾಗಿ ಅನ್ವಯವಾಗುವ ಪದ್ಧತಿಯಾಗಿದೆ. ಹಳೆಯದು ಬೇಕೆನ್ನುವವರು ಅದನ್ನು ತಾವಾಗಿಯೇ ಆಯ್ಕೆ ಮಾಡಿಕೊಳ್ಳಬೇಕು. ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಸಾಮಾನ್ಯ ಆದಾಯಕ್ಕೆ ಈಗ ತೆರಿಗೆ ಇಲ್ಲ. ವೇತನದಾರರಿಗೆ ಈ ಮಿತಿ 12.75 ಲಕ್ಷ. ಆದ್ದರಿಂದ ಅದರೊಳಗಿನ ಆದಾಯದ ವಿಕಲಚೇತನರಿಗೆ ನಷ್ಟವಾಗಿಲ್ಲ ಎಂಬುದನ್ನು ಒಪ್ಪಲೇಬೇಕು. ತೊಡಕು ಇರುವುದು ಆ ಮಿತಿಯನ್ನು ದಾಟಿದವರಲ್ಲಿ.

ಒಂದು ಲೆಕ್ಕ ನೋಡೋಣ. ಒಂದೇ ಕಚೇರಿಯಲ್ಲಿ ವರ್ಷಕ್ಕೆ 15 ಲಕ್ಷ ವೇತನ ಪಡೆಯುವ ಇಬ್ಬರಿದ್ದಾರೆ ಎಂದುಕೊಳ್ಳೋಣ. ಒಬ್ಬರಿಗೆ ಎರಡೂ ಕಣ್ಣು ಕಾಣುವುದಿಲ್ಲ, ಇನ್ನೊಬ್ಬರಿಗೆ ಯಾವ ವೈಕಲ್ಯವೂ ಇಲ್ಲ. ಹೊಸ ಪದ್ಧತಿಯಲ್ಲಿ 75,000 ರೂಪಾಯಿಗಳ ಪ್ರಮಾಣಿತ ಕಡಿತ ಕಳೆದ ಮೇಲೆ ಇಬ್ಬರೂ ಕಟ್ಟಬೇಕಾದ ತೆರಿಗೆ, ಸೆಸ್ ಸೇರಿ, 97,500 ರೂಪಾಯಿ. ಅಂಧರಾದವರು ಹಳೆಯ ಪದ್ಧತಿಗೆ ಹೋಗಿ, 80ಯು ಕಡಿತವನ್ನೂ ಒಂದೂವರೆ ಲಕ್ಷದ ಉಳಿತಾಯದ ಕಡಿತವನ್ನೂ ಪಡೆದರೂ ತೆರಿಗೆ 1,71,600 ರೂಪಾಯಿ ಆಗುತ್ತದೆ. ಹೀಗಾಗಿ ಅವರು ಹೊಸದನ್ನೇ ಆಯ್ದುಕೊಳ್ಳುತ್ತಾರೆ, 80ಯು ಕಲಂ ಅವರ ಪಾಲಿಗೆ ಕಾಗದದ ಮೇಲೆ ಉಳಿಯುತ್ತದೆ. ಹೊಸ ಪದ್ಧತಿಯಲ್ಲಿಯೇ ಆ ಕಡಿತವನ್ನು ಉಳಿಸಿದ್ದರೆ ಅವರ ತೆರಿಗೆ 78,000 ರೂಪಾಯಿ ಆಗುತ್ತಿತ್ತು. ವ್ಯತ್ಯಾಸ 19,500 ರೂಪಾಯಿ. ಜೊತೆಗಾರರ ನೆರವು, ಆಟೋ ಬಾಡಿಗೆ, ಓದಿ ಹೇಳುವ ತಂತ್ರಾಂಶ ಮುಂತಾದವುಗಳಿಗೆ ಖರ್ಚು ಮಾಡುವವರಿಗೆ ಇದು ಸಣ್ಣ ಮೊತ್ತವಲ್ಲ.

ಕಡಿಮೆ ದರ ಬೇಕಾದರೆ ವಿನಾಯಿತಿಗಳನ್ನು ಬಿಡಬೇಕು ಎಂಬುದು ಹೊಸ ಪದ್ಧತಿಯ ತತ್ತ್ವ. ವಿಮೆಯ ಕಂತು, ಮನೆಸಾಲದ ಬಡ್ಡಿ ಇವುಗಳಿಗೆ ಸಂಬಂಧಿಸಿ ಈ ಮಾತು ಸರಿಯಾದೀತು. ಏಕೆಂದರೆ ವಿಮೆ ಮಾಡಿಸುವುದೂ ಮನೆ ಕಟ್ಟುವುದೂ ನಮ್ಮ ಇಚ್ಛೆಗೆ ಬಿಟ್ಟದ್ದು, ಆ ವಿನಾಯಿತಿಗಳು ಉಳಿತಾಯವನ್ನು ಪ್ರೋತ್ಸಾಹಿಸಲೆಂದು ಕೊಟ್ಟವು. ವೈಕಲ್ಯವನ್ನು ಯಾರೂ ಆಯ್ದುಕೊಂಡವರಲ್ಲ. ಅದರಿಂದ ಅನಿವಾರ್ಯವಾಗಿ ಬರುವ ಖರ್ಚು ಕೈಗೆ ಸಿಗುವ ಆದಾಯವೇ ಅಲ್ಲ. ತೆರಿಗೆ ಕಟ್ಟುವ ಶಕ್ತಿಗೆ ತಕ್ಕಂತೆ ತೆರಿಗೆ ಇರಬೇಕೆಂಬುದು ಆದಾಯ ತೆರಿಗೆಯ ಮೂಲ ತತ್ತ್ವವಾದರೆ, ಸಮಾನ ಸಂಬಳದ ಈ ಇಬ್ಬರ ಶಕ್ತಿ ಸಮಾನವಲ್ಲ. ಆದ್ದರಿಂದ 80ಯು ಮತ್ತು 80ಡಿಡಿ ಕಡಿತಗಳನ್ನು ದಯೆಯ ಕೊಡುಗೆ ಎಂದು ಭಾವಿಸುವುದು ತಪ್ಪು. ಅವು ಆದಾಯವನ್ನು ಸರಿಯಾಗಿ ಎಣಿಸುವ ಕ್ರಮ.

ಹೊಸ ಪದ್ಧತಿ ಈ ತತ್ತ್ವವನ್ನು ಪೂರ್ಣವಾಗಿ ತಿರಸ್ಕರಿಸಿಯೂ ಇಲ್ಲ. ನೌಕರಿಯ ಖರ್ಚಿಗೆಂದು ಪ್ರಮಾಣಿತ ಕಡಿತವನ್ನು ಉಳಿಸಿಕೊಂಡಿದೆ. ಅಂಧ, ಶ್ರವಣದೋಷವುಳ್ಳ ಹಾಗೂ ಚಲನವೈಕಲ್ಯವುಳ್ಳ ನೌಕರರಿಗೆ ಮಾಲೀಕರು ನೀಡುವ ಸಾರಿಗೆ ಭತ್ಯೆಗೆ ನಿಗದಿತ ಮಿತಿಯವರೆಗಿನ ವಿನಾಯಿತಿಯೂ ಅದರಲ್ಲಿದೆ. ಕಚೇರಿಗೆ ಹೋಗುವ ದಾರಿಯ ಖರ್ಚನ್ನು ಒಪ್ಪಿದ ಕಾನೂನು, ಮನೆಯೊಳಗಿನ ಆರೈಕೆಯ ಖರ್ಚನ್ನು ಒಪ್ಪದಿರುವುದಕ್ಕೆ ಸಮರ್ಥನೆ ಕಾಣುವುದಿಲ್ಲ. ಹಳೆಯ ಪದ್ಧತಿಯಲ್ಲಿ ಉಳಿದಿರುವ ಮೊತ್ತಗಳನ್ನೂ 2015ರ ಬಜೆಟ್ಟಿನ ನಂತರ ಏರಿಸಿಲ್ಲ.

ಕೇಳಿದರೆ ಕಾನೂನು ಬದಲಾಗುತ್ತದೆ ಎಂಬುದಕ್ಕೆ ಇದೇ 80ಡಿಡಿ ಕಲಂ ಸಾಕ್ಷಿ. ವಿಕಲಚೇತನ ಮಗುವಿಗಾಗಿ ತಂದೆತಾಯಿ ವಿಮಾ ಯೋಜನೆಯಲ್ಲಿ ತೊಡಗಿಸಿದ ಹಣ, ಅವರ ಮರಣಾನಂತರವಷ್ಟೇ ಮಗುವಿಗೆ ಸಲ್ಲಬೇಕೆಂಬ ನಿಯಮ ಹಿಂದೆ ಇತ್ತು. ಇದನ್ನು ಪ್ರಶ್ನಿಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ನಿಯಮವನ್ನು ರದ್ದುಪಡಿಸಲಿಲ್ಲವಾದರೂ, ಮರುಪರಿಶೀಲಿಸುವಂತೆ ಕೇಂದ್ರಕ್ಕೆ ಸೂಚಿಸಿತು. 2022ರ ಬಜೆಟ್ಟಿನಲ್ಲಿ ತಿದ್ದುಪಡಿಯಾಗಿ, ಪೋಷಕರಿಗೆ 60 ವರ್ಷ ತುಂಬಿದ ಮೇಲೆ ಅವರ ಜೀವಿತಕಾಲದಲ್ಲಿಯೇ ಹಣ ಪಡೆಯಲು ಅವಕಾಶವಾಯಿತು.

2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ 2025ರ ಆದಾಯ ತೆರಿಗೆ ಕಾಯಿದೆಯಲ್ಲಿ ಕಲಂಗಳ ಸಂಖ್ಯೆಗಳು ಬದಲಾಗಿವೆ. ಭಕ್ತರು ಸಂಖ್ಯೆಯನ್ನು ನೆಚ್ಚದೆ, ವಿಷಯವನ್ನು ಹೇಳಿ ತೆರಿಗೆ ಸಲಹೆಗಾರರಿಂದ ಎರಡೂ ಪದ್ಧತಿಗಳ ಲೆಕ್ಕ ಮಾಡಿಸಿಕೊಳ್ಳಬೇಕು. ಮನೆಸಾಲದ ಬಡ್ಡಿ, ಮನೆ ಬಾಡಿಗೆ ಭತ್ಯೆ ಮೊದಲಾದ ದೊಡ್ಡ ಕಡಿತಗಳಿರುವವರಿಗೆ ಹಳೆಯದು ಇಂದಿಗೂ ಲಾಭಕರವಾಗಬಹುದು. ಅದನ್ನು ಆಯ್ದುಕೊಳ್ಳುವವರು ಗಡುವಿನೊಳಗೆ ವಿವರ ಸಲ್ಲಿಸಬೇಕು. ವೈದ್ಯಕೀಯ ಪ್ರಾಧಿಕಾರದ ಪ್ರಮಾಣಪತ್ರ ಊರ್ಜಿತದಲ್ಲಿದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು, ಅವಧಿ ಮುಗಿದಿದ್ದರೆ ನವೀಕರಿಸಬೇಕು.

ಇದರೊಡನೆ ಸಮಾಜದ ಸಂಘಟನೆಗಳು ಕೂಡಿ ಮಾಡಬೇಕಾದ ಕೆಲಸವೂ ಒಂದಿದೆ. ಮುಂದಿನ ಬಜೆಟ್ಟಿಗೆ ಮುನ್ನ ತಮ್ಮ ಸಂಸದರಿಗೂ ಹಣಕಾಸು ಸಚಿವಾಲಯಕ್ಕೂ ಒಂದು ಮನವಿ ಸಲ್ಲಬೇಕು. ಹೊಸ ಪದ್ಧತಿಯಲ್ಲಿಯೂ ಈ ಎರಡು ಕಡಿತಗಳನ್ನು ಸೇರಿಸಿ, ಮೊತ್ತವನ್ನು ಇಂದಿನ ಬೆಲೆಗೆ ತಕ್ಕಂತೆ ಏರಿಸಿ ಎಂಬುದಷ್ಟೇ ಅದರ ಬೇಡಿಕೆ. ಕಾಯಕ ಮಾಡಿ ತೆರಿಗೆ ಕಟ್ಟುವ ವಿಕಲಚೇತನರು ಯಾರ ಕನಿಕರವನ್ನೂ ಕೇಳುತ್ತಿಲ್ಲ. ತಮ್ಮ ಆದಾಯವನ್ನು ಇದ್ದದ್ದು ಇದ್ದಂತೆ ಎಣಿಸಿ ಎಂದು ಕೇಳುತ್ತಿದ್ದಾರೆ.