ಇನ್ನೂರು ರೂಪಾಯಿಯ ಫೋಕಸ್

ನಿಮ್ಮನೆ ಅಟ್ಟದ ಮೇಲೆ ಒಂದು ಟೆಲಿಸ್ಕೋಪ್ ಮಲಗಿದ್ಯಾ? ಲಾಕ್‌ಡೌನ್ ಟೈಮಲ್ಲಿ ಆರ್ಡರ್ ಮಾಡಿದ್ದು, ನಾಲ್ಕು ರಾತ್ರಿ ಚಂದ್ರನನ್ನು ನೋಡಿ ಖುಷಿಪಟ್ಟಿದ್ದು, ಗುರು ಗ್ರಹದ ಕಡೆ ತಿರುಗಿಸಿದಾಗ ಬರೀ ಬೆಳ್ಳನೆಯ ಉಂಡೆ ಕಂಡು ಬೇಜಾರಾಗಿ ಮೇಲಿಟ್ಟಿದ್ದು? ಹಾಗಾದ್ರೆ ಈ ವಾರದ ಬರಹ ನಿಮಗೇ. ಮಾರೋಕೆ ಅಂತ ಫೋಟೋ ಹಾಕುವ ಮುಂಚೆ ಒಂದು ಸಂಜೆ ಅದಕ್ಕೆ ಕೊಡಿ.

ಹೋದ ತಿಂಗಳು ಅಕ್ಕನ ಮನೆಗೆ ಹೋದಾಗ ಇಂಥದ್ದೇ ಒಂದು ಸಿಕ್ಕಿತು. 114 ಮಿ.ಮೀ. ಕನ್ನಡಿ, 900 ಮಿ.ಮೀ. ಫೋಕಲ್ ಲೆಂತ್. ಭಾವ ಅದನ್ನು ಅರ್ಧ ಬೆಲೆಗೆ ಮಾರುವ ಯೋಚನೆಯಲ್ಲಿದ್ದರು. ಏಳನೇ ಕ್ಲಾಸಿನ ಸೊಸೆ ಮಾತ್ರ ಮೆಲ್ಲಗೆ ಹೇಳಿದಳು, "ಟೆಲಿಸ್ಕೋಪ್ ಚೆನ್ನಾಗೇ ಇದೆ ಮಾಮ. ನನ್ನ ಕಣ್ಣೇ ಸರಿ ಇಲ್ಲ ಅನ್ಸತ್ತೆ." ಅವಳಿಗೆ ಕನ್ನಡಕ ಬಂದು ಆರು ತಿಂಗಳಾಗಿತ್ತು. ಆಕಾಶ ನೋಡೋದು ತನ್ನ ಕೈಲಾಗದ ಕೆಲಸ ಅಂತ ಅವಳು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಳು. ಟೆಲಿಸ್ಕೋಪ್ ಹೋದರೆ ಹೋಗಲಿ, ಆ ತೀರ್ಮಾನ ಮಾತ್ರ ಉಳಿಯಬಾರದಿತ್ತು.

ಐಪೀಸ್ ಇರುವ ಕೊಳವೆಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದೆ. ಲೊಟಲೊಟ ಅಂತು. ಮೆಕ್ಯಾನಿಕ್‌ಗಳು 'ಪ್ಲೇ ಇದೆ' ಅಂತಾರಲ್ಲ, ಅದೇ.

ಈ ಸಡಿಲ ಎಷ್ಟು ಕೆಟ್ಟದ್ದು ಅನ್ನೋಕೆ ಒಂದು ಲೆಕ್ಕ ನೋಡಿ. 900 ಅನ್ನು 114ರಿಂದ ಭಾಗಿಸಿದರೆ ಹತ್ತಿರ ಹತ್ತಿರ 8. ಅಂಥ ಟೆಲಿಸ್ಕೋಪ್‌ನಲ್ಲಿ ಚಿತ್ರ ಚೂಪಾಗಿ ಕಾಣೋದು ಸುಮಾರು 0.14 ಮಿ.ಮೀ. ಜಾಗದಲ್ಲಿ ಮಾತ್ರ. ಪ್ರಿಂಟರ್‌ಗೆ ಹಾಕುವ ಒಂದು ಹಾಳೆಯ ದಪ್ಪವೇ 0.1 ಮಿ.ಮೀ. ಇರುತ್ತೆ. ಅಂದರೆ ಐಪೀಸನ್ನು ಒಂದೂವರೆ ಹಾಳೆಯಷ್ಟು ಜಾಗದಲ್ಲಿ ನಿಲ್ಲಿಸಬೇಕು. ಭಾಗಿಸಿದಾಗ 5 ಬರುವ ಗಿಡ್ಡ ಟೆಲಿಸ್ಕೋಪ್ ಆದರೆ ಅರ್ಧ ಹಾಳೆ! ಲೊಟಗುಟ್ಟುವ ಕೊಳವೆ ಅಲ್ಲಿ ನಿಲ್ಲೋದಾದ್ರೂ ಹೇಗೆ? ಜೊತೆಗೆ ಕೊಳವೆ ವಾಲಿದರೆ ಐಪೀಸ್ ಓರೆಯಾಗಿ ನೋಡುತ್ತೆ, ನಾವು ಕನ್ನಡಿಯನ್ನು ಬೈತೀವಿ.

ನಿಮ್ಮದರಲ್ಲೂ ಇದೇ ತೊಂದರೆಯಾ ಅಂತ ತಿಳಿಯೋಕೆ ಒಂದು ಪ್ರಕಾಶಮಾನ ನಕ್ಷತ್ರವನ್ನು ನಡುವೆ ತನ್ನಿ. ನಾಬನ್ನು ಒಂದು ಕಡೆ ತಿರುಗಿಸಿ, ಮತ್ತೆ ವಾಪಸ್ ತಿರುಗಿಸಿ. ದಿಕ್ಕು ಬದಲಿಸಿದ ಕೂಡಲೇ ನಕ್ಷತ್ರ ಪಕ್ಕಕ್ಕೆ ಜಿಗಿದರೆ ರೋಗ ಫೋಕಸರ್‌ನಲ್ಲಿದೆ. ಹಗಲಲ್ಲಾದರೆ ದೂರದ ಮೊಬೈಲ್ ಟವರ್ ನೋಡಿ ಪರೀಕ್ಷಿಸಬಹುದು. ಸೂರ್ಯನ ಹತ್ತಿರಕ್ಕೂ ತಿರುಗಿಸಬೇಡಿ, ಕಣ್ಣು ಹೋಗುತ್ತೆ.

ಇನ್ನು ರಿಪೇರಿ. ಟೆಲಿಸ್ಕೋಪ್ ಬಾಯಿಗೆ ಮುಚ್ಚಳ ಹಾಕಿ, ಫೋಕಸರ್ ಪಕ್ಕಕ್ಕೆ ಬರುವಂತೆ ಮೇಜಿನ ಮೇಲೆ ಮಲಗಿಸಿ. ಆಗ ಸ್ಕ್ರೂ ಜಾರಿದರೂ ಕನ್ನಡಿ ಮೇಲೆ ಬೀಳಲ್ಲ. ನಾಬ್‌ಗಳ ನಡುವೆ ಒಂದು ಚಿಕ್ಕ ತಗಡಿರುತ್ತೆ. ಬಿಚ್ಚುವ ಮುಂಚೆ ಫೋನಲ್ಲಿ ಅದರ ಫೋಟೋ ತೆಗೆದಿಡಿ. ಸ್ಕ್ರೂ ಬಿಚ್ಚಿದರೆ ಹಲ್ಲಿನ ಚಕ್ರ ಈಚೆ ಬರುತ್ತೆ, ಆಮೇಲೆ ಕೊಳವೆ ಜಾರಿ ಬರುತ್ತೆ.

ಒಳಗೆ ಅಂಟಂಟಾದ ಗ್ರೀಸ್ ಕಂಡರೆ ಆಶ್ಚರ್ಯ ಬೇಡ. ಸಡಿಲ ಗೊತ್ತಾಗದಿರಲಿ ಅಂತ ಮೆತ್ತಿದ ಹಾಗಿರುತ್ತೆ. ಹಳೇ ಬನಿಯನ್ ಬಟ್ಟೆಗೆ ಮೆಡಿಕಲ್ ಶಾಪಿನ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಥಿನ್ನರ್, ಪೆಟ್ರೋಲ್ ಬೇಡ, ಕೆಲವು ಪ್ಲಾಸ್ಟಿಕ್ಕನ್ನು ತಿಂದುಹಾಕುತ್ತವೆ.

ಮುಂದಿನದೇ ಮುಖ್ಯ ಕೆಲಸ. ಆಫೀಸಲ್ಲಿ ಬಳಸುವ ಪ್ಲಾಸ್ಟಿಕ್ ಫೈಲ್ ಕವರ್ ಇರುತ್ತಲ್ಲ, ಅದರಿಂದ ಒಂದು ಸೆಂ.ಮೀ. ಅಗಲದ ಎರಡು ಪಟ್ಟಿ ಕತ್ತರಿಸಿ. ಹಲ್ಲುಗಳು ಬರುವ ಜಾಗದ ಎದುರು ಗೋಡೆಯಲ್ಲಿ, ಸ್ವಲ್ಪ ಅಂತರ ಬಿಟ್ಟು, ಉದ್ದುದ್ದಕ್ಕೆ ತೆಳು ಡಬಲ್ ಸೈಡ್ ಟೇಪ್‌ನಲ್ಲಿ ಅಂಟಿಸಿ. ಚಕ್ರ ಕೊಳವೆಯನ್ನು ಆ ಕಡೆಗೇ ಒತ್ತೋದರಿಂದ ಈಗ ಅದಕ್ಕೆ ಒರಗೋಕೆ ಎರಡು ನುಣುಪಾದ ಹಳಿ ಸಿಕ್ಕಂತಾಯ್ತು. ಇನ್ನೂ ಸಡಿಲ ಇದ್ದರೆ ಮೇಲೊಂದು ಪಟ್ಟಿ. ಪ್ಲಂಬರ್‌ಗಳ ಬಿಳಿ ಟೇಪ್ ಇಲ್ಲಿ ನಿಲ್ಲಲ್ಲ, ಸುರುಳಿ ಸುತ್ತಿಕೊಂಡು ಬರುತ್ತೆ.

ವಾಪಸ್ ಜೋಡಿಸುವಾಗ ಹಲ್ಲುಗಳಿಗೆ ಮಾತ್ರ ಸಾಸಿವೆಯಷ್ಟು ಲಿಥಿಯಂ ಗ್ರೀಸ್ ಸಾಕು. ತಗಡಿನ ಸ್ಕ್ರೂಗಳನ್ನು ಒಂದಾದ ಮೇಲೊಂದರಂತೆ ಕಾಲು ಕಾಲು ಸುತ್ತು ಬಿಗಿ ಮಾಡುತ್ತಾ, ಪ್ರತಿ ಸಲ ನಾಬ್ ತಿರುಗಿಸಿ ನೋಡಿ. ಗಟ್ಟಿಯಾಯ್ತು ಅನ್ನಿಸಿದ ಕೂಡಲೇ ಸ್ವಲ್ಪ ಹಿಂದೆ ಬನ್ನಿ.

ಕೊನೆಗೆ ಬಟ್ಟೆ ಒಣಗಿಸುವ ದೊಡ್ಡ ಕ್ಲಿಪ್. ನಾಬ್‌ಗೆ ಹಿಡಿ ಥರ ಕಚ್ಚಿಸಿ, ಅದರ ತುದಿಯನ್ನು ತಳ್ಳಿ. ನಾಬಿನ ಅಂಚು ಅದರ ನಡುವಿನಿಂದ ಒಂದೂಕಾಲು ಸೆಂ.ಮೀ. ದೂರ ಇದ್ದು, ಕ್ಲಿಪ್‌ನ ತುದಿ ಏಳೂವರೆ ಸೆಂ.ಮೀ. ದೂರ ಇದ್ದರೆ, ನಿಮ್ಮ ಬೆರಳು ಆರು ಪಟ್ಟು ನಾಜೂಕಾಯ್ತು ಅಂತ ಅರ್ಥ. ಟೆಲಿಸ್ಕೋಪ್ ನಡುಗೋದೂ ಕಮ್ಮಿ. ನಾಬ್ ದಪ್ಪ ಇದ್ದು ಕ್ಲಿಪ್ ಹಿಡಿಯದಿದ್ದರೆ ಉಪ್ಪಿನಕಾಯಿ ಬಾಟಲಿಯ ಮುಚ್ಚಳವನ್ನು ನಾಬ್ ಮೇಲೆ ನಟ್ಟನಡುವೆ ಅಂಟಿಸಿ.

ಅಕ್ಕನ ಮನೆಯಲ್ಲಿ ನಮಗೆ ಒಟ್ಟು ಇನ್ನೂರು ರೂಪಾಯಿಯೂ ಖರ್ಚಾಗಲಿಲ್ಲ. ಅವತ್ತು ರಾತ್ರಿ ಟೆರೇಸ್ ಮೇಲೆ ಸೊಸೆ ಕನ್ನಡಕ ತೆಗೆದು ಕ್ಲಿಪ್ ತಳ್ಳುತ್ತಾ ನಿಂತಳು. "ಬಂತು... ಹೋಯ್ತು... ಮಾಮ, ಬಂತು! ಎರಡು ಪಟ್ಟೆ ಇದೆ, ಪಕ್ಕದಲ್ಲಿ ನಾಲ್ಕು ಚುಕ್ಕಿ." ಗುರುವಿನ ನಾಲ್ಕು ಚಂದ್ರರು. ಬರೀ ದೂರ, ಹತ್ತಿರ ಕಾಣದವರು ಕನ್ನಡಕ ತೆಗೆದೇ ನೋಡಬಹುದು, ಫೋಕಸರ್ರೇ ಅದನ್ನು ಸರಿದೂಗಿಸುತ್ತೆ ಅಂದೆ. ಅವಳು ಅಪ್ಪನನ್ನು ಕರೆಯೋಕೆ ಆಗಲೇ ಕೆಳಗೆ ಓಡಿದ್ದಳು.

ಹಲ್ಲು ಸವೆದಿದ್ದರೆ, ಪ್ಲಾಸ್ಟಿಕ್ ಬಿರುಕು ಬಿಟ್ಟಿದ್ದರೆ ಈ ಉಪಾಯ ನಡೆಯಲ್ಲ. ಆಗ ಸೆಕೆಂಡ್ ಹ್ಯಾಂಡ್ ಲೋಹದ ಫೋಕಸರ್ ಹುಡುಕಿ. ಹಲ್ಲುಗಳೇ ಇಲ್ಲದ ಕ್ರೇಫರ್ಡ್ ಮಾದರಿ ಸಿಕ್ಕರೆ ಇನ್ನೂ ಒಳ್ಳೇದು. ಲಂಡನ್ ಅಂಚಿನ ಕ್ರೇಫರ್ಡ್‌ನ ಹವ್ಯಾಸಿ ಖಗೋಳ ಸಂಘದ ಜಾನ್ ವಾಲ್ ಮಾಡಿದ್ದು ಅದು. ಬೇರಿಂಗ್‌ಗಳ ಮೇಲೆ ಕೊಳವೆಯನ್ನು ಒಂದು ಸರಳು ಒತ್ತಿ ಜಾರಿಸುತ್ತೆ, ಅಷ್ಟೇ. ಕೊಳ್ಳುವ ಮುಂಚೆ ಸ್ಕ್ರೂ ತೂತುಗಳ ಅಂತರ ಮತ್ತು ಹಳೇ ಫೋಕಸರ್‌ನ ಎತ್ತರ ಅಳೆದುಕೊಳ್ಳಿ. ಹೊಸದು ತೀರಾ ಎತ್ತರವಾದರೆ ಫೋಕಸ್ ಸಿಗೋದೇ ಇಲ್ಲ. ಐಪೀಸ್ ಬಾಯಿ 31.75 ಮಿ.ಮೀ. ಇರಲಿ. 24.5 ಮಿ.ಮೀ.ನ ಹಳೇ ಅಳತೆಗೆ ಈಗ ಒಳ್ಳೆ ಐಪೀಸ್ ಸಿಗೋದು ಕಷ್ಟ.

ಈ ಭಾನುವಾರ ಅಟ್ಟದಿಂದ ಇಳಿಸಿ ನೋಡಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಬರೆಯಿರಿ. ಮುಂದಿನ ವಾರ ಟ್ರೈಪಾಡ್ ಕಾಲುಗಳ ನಡುಕಕ್ಕೆ ಮದ್ದು ಹುಡುಕೋಣ.